ಎಡಗೈಗೆ ಕೆಲಸವಿಲ್ಲದ ಗಾಡಿ

ನೀರಿನ ಟ್ಯಾಂಕಿನ ತಿರುವು ಬಂತೆಂದರೆ ಮಾವನ ಎಡಗೈ ತಾನಾಗಿಯೇ ಏಳುತ್ತಿತ್ತು. ಗೇರಿನ ಹಿಡಿಯ ತಲೆಗೆ ಅಂಗೈಯಿಂದ ಒಂದು ತಟ್ಟು. ಗಾಡಿ ನ್ಯೂಟ್ರಲ್‌ಗೆ ಬಿದ್ದು, ಗುರುಗುಟ್ಟುತ್ತಿದ್ದ ಇಂಜಿನ್ ಬೈಸಿಕೊಂಡ ಮಗುವಿನಂತೆ ದನಿ ತಗ್ಗಿಸುತ್ತಿತ್ತು. ಅಲ್ಲಿಂದ ಕೆಳಪೇಟೆಯ ಆಸ್ಪತ್ರೆಯ ಹಿಂಬಾಗಿಲವರೆಗೆ ಆರು ಕಿಲೋಮೀಟರ್ ಇಳಿಜಾರು. ಗಾಡಿಯ ತುಂಬ ಒಗೆದು, ಇಸ್ತ್ರಿ ಮಾಡಿ, ಮಡಿಸಿ ಕಟ್ಟಿದ ಬಿಳಿ ಹಾಸುಬಟ್ಟೆಗಳ ಗಂಟುಗಳು. ಶಾಲೆಯ ಗೋಡೆಯ ಹತ್ತಿರ ವೇಗ ಎಷ್ಟಿರಬೇಕು, ಮರದ ಮಿಲ್ಲಿನ ಹತ್ತಿರ ಎಷ್ಟು, ರೈಲ್ವೆ ಗೇಟಿನ ಉಬ್ಬು ಹತ್ತಲು ಬೇಕಾದ ಓಟವನ್ನು ಎಲ್ಲಿಂದ ಕೂಡಿಸಿಕೊಳ್ಳಬೇಕು, ಎಲ್ಲ ಅವರ ಮೈಗೆ ಗೊತ್ತಿತ್ತು. ಕೊನೆಗೆ ಆಸ್ಪತ್ರೆಯ ಹಿಂಬಾಗಿಲಲ್ಲಿ ಗಾಡಿ ನಡೆಯುವ ಮನುಷ್ಯನ ವೇಗಕ್ಕೆ ಇಳಿದು ನಿಂತುಬಿಡುತ್ತಿತ್ತು. "ಬ್ರೇಕ್ ಮುಟ್ಟಿದ್ನಾ? ನೀನೇ ಹೇಳು," ಎಂದು ಮಾವ ಪಕ್ಕದಲ್ಲಿ ಕೂತವರನ್ನು ಕೇಳುತ್ತಿದ್ದರು. ಪಕ್ಕದಲ್ಲಿ ಕೂತವರು ಸಾಮಾನ್ಯವಾಗಿ ಕಣ್ಣು ಮುಚ್ಚಿಕೊಂಡಿರುತ್ತಿದ್ದುದರಿಂದ ಸಾಕ್ಷಿ ಹೇಳಲು ಯಾರೂ ಇರಲಿಲ್ಲ.

ಗುಡ್ಡದ ಮೇಲಿನ ಲಾಂಡ್ರಿಯಲ್ಲಿ ಅವರು ಎಲ್ಲರಿಗೂ ನ್ಯೂಟ್ರಲ್ ಮಾವ. ನಿಜವಾಗಿ ಮಾವ ಆಗಬೇಕಾಗಿದ್ದುದು ಒಬ್ಬನಿಗೆ ಮಾತ್ರ, ರವಾನೆ ವಿಭಾಗದ ಗುಮಾಸ್ತನಿಗೆ. ಅವನ ತಾಯಿಯ ಅಣ್ಣ ಅವರು. ಎರಡು ವರ್ಷದ ಹಿಂದೆ ಅವನಿಗೆ ಈ ಕೆಲಸ ಸಿಕ್ಕಿದ್ದೂ ಅವರ ಬಾಯಿಮಾತಿನಿಂದಲೇ. ಗುಮಾಸ್ತನ ಕೆಲಸ ಯಾವ ಗಾಡಿಯಲ್ಲಿ ಎಷ್ಟು ಗಂಟು ಹೋಯಿತು, ಎಷ್ಟು ಬಂತು ಎಂದು ಬರೆಯುವುದು. ಆದರೆ ಅವನು ಯಾರೂ ಹೇಳದೆ ಇನ್ನೊಂದನ್ನು ತಲೆಗೆ ಹಚ್ಚಿಕೊಂಡಿದ್ದ. ಮೂರು ಗಾಡಿಗಳಲ್ಲಿ ಯಾವುದು ಲೀಟರಿಗೆ ಎಷ್ಟು ಓಡಿತು ಎಂದು ದಿನವೂ ಗುಣಿಸಿ ಭಾಗಿಸಿ, ಎರಡು ದಶಾಂಶದವರೆಗೆ ಒಂದು ಕರಿಹಲಗೆಯ ಮೇಲೆ ಬರೆಯುತ್ತಿದ್ದ. ಹೀಗಾಗಿ ಅವನ ಹೆಸರು ದಶಾಂಶ ಎಂದಾಯಿತು. ಮಡಿಸುವ ಹಾಲ್‌ನ ಹೆಂಗಸರು ಅವನು ಹಾದು ಹೋಗುವಾಗಲೆಲ್ಲ, "ದಶಾಂಶ ಸಾರ್, ಬೆಳಿಗ್ಗೆಯಿಂದ ನಾವು ಎಷ್ಟು ಪಾಯಿಂಟ್ ಎಷ್ಟು ಹಾಸುಬಟ್ಟೆ ಮಡಿಸಿದ್ವಿ, ಸ್ವಲ್ಪ ನೋಡಿ ಹೇಳಿ," ಎಂದು ಕೂಗುತ್ತಿದ್ದರು. ಅವನು ನಗುತ್ತಿದ್ದ. ಒಮ್ಮೆ ಲೆಕ್ಕ ಹಾಕಿಯೂ ನೋಡಿದ್ದ ಎಂಬುದನ್ನು ಯಾರಿಗೂ ಹೇಳಿರಲಿಲ್ಲ.

ಮಾವನ ವಿದ್ಯೆಯನ್ನು ಅವನು ತನ್ನ ಸ್ಕೂಟರಿನ ಮೇಲೂ ಪ್ರಯೋಗಿಸುತ್ತಿದ್ದ. ಅದು ಗೇರಿಲ್ಲದ ಸ್ಕೂಟರು; ನ್ಯೂಟ್ರಲ್ ಇಲ್ಲ. ಆದ್ದರಿಂದ ಸಂಜೆ ಮನೆಗೆ ಹೋಗುವಾಗ ಟ್ಯಾಂಕಿನ ತಿರುವಿನಲ್ಲಿ ಕೀಲಿಯನ್ನೇ ತಿರುಗಿಸಿ ಇಂಜಿನ್ ಆರಿಸುತ್ತಿದ್ದ. ಕೀಲಿ ಆರಿಸಿದರೆ ಹಾರ್ನೂ ಇಲ್ಲ ಎಂಬುದು ತಳ್ಳುಗಾಡಿಯೊಂದು ಅಡ್ಡ ಬಂದ ದಿನ ತಿಳಿಯಿತು. ಅಂದು ಅವನು ಬಾಯಲ್ಲೇ "ಪೀಪ್, ಪೀಪ್" ಎಂದ. ತಳ್ಳುಗಾಡಿಯವನು ಪಕ್ಕಕ್ಕೆ ಸರಿದು, ಕೈ ಹಿಡಿದು ನಿಲ್ಲಿಸಿ, "ಹುಷಾರಿಲ್ವಾ ಸಾರ್?" ಎಂದು ಕೇಳಿದ. ರೈಲ್ವೆ ಗೇಟಿನ ಉಬ್ಬಿನಲ್ಲಿ ಸ್ಕೂಟರು ನಿಂತೇ ಹೋಗುತ್ತಿತ್ತು. ಅಲ್ಲಿಂದ ನೂರು ಹೆಜ್ಜೆ ತಳ್ಳಿ, ಬೆವರಿ, ಮೂಲೆಯ ಅಂಗಡಿಯಲ್ಲಿ ಎರಡು ಟೀ ಕುಡಿಯಬೇಕಾಗುತ್ತಿತ್ತು. ತಿಂಗಳಿಗೆ ಒಂದೂಕಾಲು ಲೀಟರ್ ಉಳಿತಾಯ ಎಂದು ಅವನ ಪುಸ್ತಕದಲ್ಲಿತ್ತು. ಟೀಯನ್ನು ಆ ಪುಸ್ತಕದಲ್ಲಿ ಬರೆಯುತ್ತಿರಲಿಲ್ಲ.

ಮಾವನಿಗೆ ಈ ಉಳಿತಾಯದ ಹುಚ್ಚು ಹತ್ತೊಂಬತ್ತನೇ ವಯಸ್ಸಿನಲ್ಲಿ ಹತ್ತಿದ್ದು. ನೀರಿನ ಲಾರಿ ಓಡಿಸುತ್ತಿದ್ದ ಒಬ್ಬ ಮುದುಕನ ಹತ್ತಿರ ಅವರು ಡ್ರೈವಿಂಗ್ ಕಲಿತರು. ಆ ಮುದುಕ ದಿನಾ ಬೆಳಿಗ್ಗೆ, ಸಂಜೆ ಲಾರಿಯ ಟ್ಯಾಂಕಿಗೆ ಒಂದು ಮರದ ಕೋಲು ಇಳಿಬಿಟ್ಟು ಒದ್ದೆಯ ಗುರುತು ನೋಡುತ್ತಿದ್ದ. ಗುರುತು ತಾನು ಅಂದುಕೊಂಡದ್ದಕ್ಕಿಂತ ಕೆಳಗಿದ್ದರೆ, "ಕುಡಿದವನು ನೀನು, ನಡೆದುಕೊಂಡು ಹೋಗು," ಎನ್ನುತ್ತಿದ್ದ. ಮೊದಲ ಎರಡು ತಿಂಗಳು ಮಾವ ಬಹಳ ನಡೆದರು. ಮೂರನೇ ತಿಂಗಳಿನಲ್ಲಿ ಇಳಿಜಾರು ಎಂದರೆ ದೇವರು ಪುಕ್ಕಟೆ ಕೊಟ್ಟ ಪೆಟ್ರೋಲು ಎಂಬುದು ಅರ್ಥವಾಯಿತು. ಆಮೇಲೆ ಲಾಂಡ್ರಿ ಸೇರಿ ಮೂವತ್ತೊಂದು ವರ್ಷ. ಇಷ್ಟು ವರ್ಷದಲ್ಲಿ ಒಂದು ಕನ್ನಡಿ ಒಡೆದಿರಲಿಲ್ಲ.

ಮನೆಯಲ್ಲೂ ಅದೇ ಪದ್ಧತಿ. ಬಸ್ ಡಿಪೋದ ಹಿಂದಿನ ಎರಡು ಕೋಣೆಯ ಮನೆ ಅವರದು. ಹಾಲು ಉಕ್ಕುವ ಮೊದಲೇ ಒಲೆ ಆರಿಸುತ್ತಿದ್ದರು: "ಪಾತ್ರೆ ಬಿಸಿಯಲ್ಲೇ ಮಿಕ್ಕಿದ್ದು ಆಗುತ್ತೆ." ಕೊನೆಯ ಅಂಗಿಗೆ ಬರುವ ಮುಂಚೆ ಇಸ್ತ್ರಿಪೆಟ್ಟಿಗೆಯ ಪ್ಲಗ್ ಕೀಳುತ್ತಿದ್ದರು. ಎದ್ದು ಹೋಗುವುದಕ್ಕೆ ಅರ್ಧ ನಿಮಿಷ ಮುಂಚೆ ಫ್ಯಾನ್ ಆರಿಸಿ, ತಿರುಗುವಷ್ಟು ತಿರುಗಲಿ ಎಂದು ಅದರ ಕೆಳಗೇ ಕೂತಿರುತ್ತಿದ್ದರು. ಅತ್ತೆ ಜಗಳಕ್ಕೆ ನಿಂತರೂ ಎದುರು ಮಾತಾಡದೆ, ಆಕೆಯ ಸಿಟ್ಟು ಇಳಿದು ಸಮತಟ್ಟಿಗೆ ಬರುವವರೆಗೆ ಸುಮ್ಮನಿದ್ದುಬಿಡುತ್ತಿದ್ದರು. "ಮದುವೆ ಆದ ದಿನದಿಂದ ಈ ಮನುಷ್ಯ ನನ್ನ ಮೇಲೆ ಒಂದು ಹನಿ ಪೆಟ್ರೋಲ್ ಖರ್ಚು ಮಾಡಿಲ್ಲ," ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು.

ಹೀಗಿರುವಾಗ ಹೊಸ ಗಾಡಿ ಬಂತು. ಲಾಂಡ್ರಿಯ ಯಜಮಾನಿಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ದನಿ ಎತ್ತಿ ಮಾತಾಡದ ಹೆಂಗಸು. ಅದಕ್ಕೇ ಎಲ್ಲರಿಗೂ ಭಯ. ಅವರು ಮೂವರು ಡ್ರೈವರುಗಳನ್ನೂ ಗಾಡಿಯ ಮುಂದೆ ನಿಲ್ಲಿಸಿ ಹೇಳಿದರು: "ಇದು ಆಟೋಮ್ಯಾಟಿಕ್. ಕ್ಲಚ್ ಇಲ್ಲ. ಮೊದಲು ಮಾವ ಓಡಿಸ್ಲಿ, ಅವರೇ ಹಿರಿಯರು. ಸರಿ ಬಂದ್ರೆ ಮಿಕ್ಕಿದ್ದೆರಡನ್ನೂ ಬದಲಾಯಿಸ್ತೀನಿ. ಇದನ್ನ ಓಡಿಸೋಕೆ ಆಗದವರಿಗೆ ಮಡಿಸೋ ಹಾಲ್‌ನಲ್ಲಿ ಕೆಲಸ ಇದೆ."

ಷೋರೂಮಿನಿಂದ ಗಾಡಿ ತಂದವನು ಪಾಠವನ್ನು ಒಂದೇ ಉಸಿರಿನಲ್ಲಿ ಮುಗಿಸಿದ: "ಮುಂದಕ್ಕೆ ಡಿ, ಹಿಂದಕ್ಕೆ ಆರ್, ನಿಲ್ಲಿಸಿದ ಮೇಲೆ ಪಿ. ಬೇರೆ ಏನನ್ನೂ ಮುಟ್ಟಬೇಡಿ ಸಾರ್."

ಮೊದಲ ದಿನ ಮಾವನ ಎಡಗಾಲು ಇಲ್ಲದ ಕ್ಲಚ್ಚನ್ನು ಹುಡುಕಿಕೊಂಡು ಹೋಗಿ ಬ್ರೇಕನ್ನು ತುಳಿಯಿತು. ಗೇಟು ದಾಟುವ ಮೊದಲೇ ಹಿಂದಿನ ಗಂಟುಗಳೆಲ್ಲ ದಬದಬನೆ ಮುಂದಕ್ಕೆ ಬಂದವು. "ಎಡಗಾಲಿಗೆ ಪಿಂಚಣಿ ಕೊಟ್ಟುಬಿಡಿ ಮಾವ, ಪಾಪ, ಮೂವತ್ತು ವರ್ಷ ದುಡಿದಿದೆ," ಎಂದ ಎರಡನೇ ಗಾಡಿಯ ಡ್ರೈವರ್. ಮಾವ ಎಡಗಾಲನ್ನು ಸೀಟಿನ ಕೆಳಕ್ಕೆ ಮಡಚಿ ಇಟ್ಟುಕೊಂಡು, ಹೇಳಿದ ಹಾಗೆ ಡಿಯಲ್ಲೇ ಓಡಿಸಿದರು. ಒಂದು ವಾರ ಬೇರೆ ಏನನ್ನೂ ಮುಟ್ಟಲಿಲ್ಲ.

ಹಲಗೆಯ ಮೇಲೆ ಆ ವಾರದ ಅಂಕಿ ೯.೪೦ ಎಂದು ಬಂತು. ಹಳೆಯ ಗಾಡಿಯಲ್ಲಿ ಮಾವ ೧೦.೩೧ ತರುತ್ತಿದ್ದವರು. ಹೊಸ ಗಾಡಿ ಕೈಗೆ ಒಗ್ಗಲು ಸಮಯ ಬೇಕು ಎಂಬುದು ಯಾರಿಗಾದರೂ ಹೊಳೆಯುವ ಮಾತು. ದಶಾಂಶನಿಗೆ ಹೊಳೆದದ್ದು ಬೇರೆ. ತನ್ನ ಸ್ವಂತ ಮಾವ ತನ್ನ ಸ್ವಂತ ಹಲಗೆಯಲ್ಲಿ ಮೂರನೆಯವರಾಗಿಬಿಟ್ಟರಲ್ಲ ಎಂಬುದು. ಅವನು ಗಾಡಿಗೆ ಹತ್ತಿ ಎರಡು ಕೆಲಸ ಮಾಡಿದ. ಮೊದಲನೆಯದು, ಮಾವನ ಕಣ್ಣಿಗೆ ಬೀಳಲಿ ಎಂದು ದಿನದ ಗಂಟುಗಳ ಪಟ್ಟಿಯನ್ನು ಸ್ಟೀರಿಂಗಿನ ಹಿಂದೆ, ಏನೇನೋ ಅಂಕಿ ಕುಣಿಯುತ್ತಿದ್ದ ಒಂದು ಸಣ್ಣ ಪರದೆಯ ಮೇಲೆ ಕ್ಲಿಪ್ ಹಾಕಿ ಸಿಕ್ಕಿಸಿದ. ಎರಡನೆಯದು, ಗೇರಿನ ಹಿಡಿಯ ಪಕ್ಕ ಬೆರಳಿಟ್ಟು ಹೇಳಿದ: "ಮಾವ, ಇಲ್ಲೇ ಎನ್ ಅಂತ ಬರೆದಿದೆಯಲ್ಲ. ನ್ಯೂಟ್ರಲ್! ನಿಮ್ಮ ವಿದ್ಯೆ ಇದರಲ್ಲೂ ನಡೆಯುತ್ತೆ."

"ಮುಟ್ಟಬೇಡಿ ಅಂದಿದ್ದಾನೆ ಆ ಷೋರೂಮಿನವನು."

"ಅವನಿಗೇನು ಗೊತ್ತು ಮಾವ? ಅವನು ಮಾರೋನು. ಮುಟ್ಟಬಾರದು ಅಂತಿದ್ರೆ ಯಾಕೆ ಇಡ್ತಿದ್ರು?"

"ಅದೂ ಸರಿನೇ. ನೀನು ಓದಿದವನು," ಎಂದರು ಮಾವ. ಮರುದಿನ ಟ್ಯಾಂಕಿನ ತಿರುವಿನಲ್ಲಿ ಅವರ ಎಡಗೈ ಎಂಟು ದಿನದ ಮೇಲೆ ಊರಿಗೆ ಬಂದ ಮಗನಂತೆ ಖುಷಿಯಿಂದ ಎದ್ದಿತು.

ಮೂರು ವಾರ ಕಳೆಯಿತು. ಅಂಕಿ ಏರಲಿಲ್ಲ, ೯.೧೨ಕ್ಕೆ ಇಳಿಯಿತು. ರೈಲ್ವೆ ಗೇಟಿನ ಹತ್ತಿರ ಎನ್‌ನಿಂದ ಡಿಗೆ ತರುವಾಗ ಗಾಡಿ ಯಾರೋ ಹಿಂದಿನಿಂದ ಒದ್ದಂತೆ ಧಡಕ್ಕೆಂದು ಹೊಡೆಯತೊಡಗಿತು. ಕೊಳೆಬಟ್ಟೆ ತುಂಬಿಕೊಂಡು ವಾಪಸು ಗುಡ್ಡ ಹತ್ತುವಾಗ ನಿಂತು ನಿಂತು ಯೋಚಿಸುವ ಹಾಗೆ ತಡವರಿಸಿತು. ಸುಟ್ಟ ವಾಸನೆಯೂ ಬಂತು. ಮೇಡಂ ಗಾಡಿಯನ್ನು ಗ್ಯಾರೇಜಿಗೆ ಕಳಿಸಿದರು. ಜೊತೆಗೆ ದಶಾಂಶನನ್ನೂ.

ಮೆಕ್ಯಾನಿಕ್ ಗೇರ್‌ಬಾಕ್ಸಿನ ಎಣ್ಣೆಯನ್ನು ಒಂದು ಬಿಳಿ ಕಾಗದಕ್ಕೆ ಒರೆಸಿ ಮೂಗಿನ ಹತ್ತಿರ ಹಿಡಿದ. "ಇದು ಒಂದು ತಿಂಗಳ ಎಣ್ಣೆಯಾ? ಹತ್ತು ವರ್ಷದ್ದು ಇದ್ದಂಗಿದೆ. ಇಳಿಜಾರಲ್ಲಿ ಎನ್‌ಗೆ ಹಾಕ್ತಾರಾ?"

"ಹಾಕ್ತಾರೆ. ಪೆಟ್ರೋಲ್ ಉಳಿಸೋಕೆ."

"ಉಳಿಸೋಕಾ?" ಮೆಕ್ಯಾನಿಕ್ ಸ್ಟೂಲ್ ಎಳೆದುಕೊಂಡು ಕೂತ. "ನೋಡಿ ಸಾರ್, ಡಿಯಲ್ಲೇ ಇಟ್ಟು ಕಾಲು ತೆಗೆದ್ರೆ ಇಳಿಜಾರಲ್ಲಿ ಚಕ್ರನೇ ಇಂಜಿನ್ನ ತಿರುಗಿಸುತ್ತೆ. ಈ ಗಾಡಿಗೆ ಅದು ಗೊತ್ತಾಗುತ್ತೆ, ಪೆಟ್ರೋಲ್ ಪೂರ್ತಿ ಬಂದ್ ಮಾಡುತ್ತೆ. ಎನ್‌ಗೆ ಹಾಕಿದ್ರಿ ಅಂದ್ರೆ ಇಂಜಿನ್ ಒಂಟಿ. ಆರಿಹೋಗದೆ ಇರೋಕೆ ತಾನೇ ಕುಡೀಬೇಕು."

"ಅಂದ್ರೆ, ಎನ್‌ನಲ್ಲೇ ಜಾಸ್ತಿ ಖರ್ಚಾ?"

"ಮತ್ತೆ? ಅದೂ ಹೋಗ್ಲಿ. ಬಾಕ್ಸಿನೊಳಗೆ ಎಣ್ಣೆ ತಳ್ಳೋ ಪಂಪು ಇಂಜಿನ್ ಜೊತೆಗೇ ತಿರುಗೋದು. ಇಂಜಿನ್ ನಿಧಾನ ಆದ್ರೆ ಎಣ್ಣೆ ಕಮ್ಮಿ. ಆದ್ರೆ ಒಳಗಿನ ಚಕ್ರಗಳು ಇಳಿಜಾರಿನ ವೇಗದಲ್ಲೇ ಓಡ್ತಿರ್ತವೆ. ಬಿಸಿಲಲ್ಲಿ ಬಾಯಾರಿದವನನ್ನ ಓಡಿಸಿದ ಹಾಗೆ. ಎಣ್ಣೆ ಬದಲಾಯಿಸಿ ಕೊಡ್ತೀನಿ. ಇನ್ನೊಂದು ತಿಂಗಳು ಹೀಗೇ ಓಡಿಸಿದ್ರೆ ಬಾಕ್ಸೇ ಬದಲಾಯಿಸಬೇಕು."

"ಹಾಗಾದ್ರೆ ಹಳೇ ಗಾಡಿಯಲ್ಲಿ ಮಾವ ಮಾಡ್ತಿದ್ದದ್ದೂ ದಂಡವಾ?"

"ಅದು ಕಾರ್ಬ್ಯುರೇಟರ್ ಗಾಡಿ, ಪೆಟ್ರೋಲ್ ತಾನಾಗಿ ಬಂದ್ ಮಾಡಲ್ಲ. ಅದಕ್ಕೆ ಸ್ವಲ್ಪ ಲಾಭ ಇತ್ತು. ಆದ್ರೆ ಮಾವ ಉಳಿಸಿದ ಪೆಟ್ರೋಲೆಲ್ಲ ಸವೆದ ಬ್ರೇಕ್ ಪ್ಯಾಡ್ ಆಗಿ ನನ್ನ ಹತ್ರ ಬರ್ತಿತ್ತು, ಬಿಡಿ."

"ಅವರು ಬ್ರೇಕೇ ಮುಟ್ಟೋದಿಲ್ಲ ಅಂತಿದ್ರಲ್ಲ?"

ಮೆಕ್ಯಾನಿಕ್ ಬಹಳ ಹೊತ್ತು ನಕ್ಕ.

ಆ ಮಧ್ಯಾಹ್ನ ಮೇಡಂ ಇಬ್ಬರನ್ನೂ ಕೋಣೆಗೆ ಕರೆದರು. ಮೇಜಿನ ಮೇಲೆ ಎಣ್ಣೆ ಒರೆಸಿದ ಕಾಗದ ಇತ್ತು. "ಮುಟ್ಟಬೇಡಿ ಅಂತ ಷೋರೂಮಿನವರು ಹೇಳಿದ್ರಲ್ಲ ಮಾವ? ಯಾರು ನಿಮಗೆ ಇದನ್ನ ಹೇಳಿಕೊಟ್ಟಿದ್ದು?"

ಈಗ ಹೇಳಬೇಕು ಎಂದು ದಶಾಂಶನಿಗೆ ಗೊತ್ತಿತ್ತು. ಬಾಯಿಯೂ ತೆರೆಯಿತು. ಅಷ್ಟರಲ್ಲಿ ಮಾವ, "ಯಾರೂ ಹೇಳಿಲ್ಲಮ್ಮ. ನನ್ನ ಕೈ ಚಾಳಿ," ಎಂದುಬಿಟ್ಟರು. ತೆರೆದ ಬಾಯಿ ಹಾಗೆಯೇ ಮುಚ್ಚಿಕೊಂಡಿತು.

"ಹಾಗಾದ್ರೆ ಕಷ್ಟ," ಎಂದರು ಮೇಡಂ. "ಹೇಳಿಕೊಟ್ಟಿದ್ದಾದ್ರೆ ಬಿಡಿಸಬಹುದು. ಚಾಳಿ ಆದ್ರೆ ಹೇಗೆ ಬಿಡಿಸೋದು? ಸೋಮವಾರದಿಂದ ಗಾಡಿ ಬೇರೆಯವರು ಓಡಿಸ್ಲಿ. ನೀವು ಮಡಿಸೋ ಹಾಲ್‌ಗೆ ಬನ್ನಿ, ಸಂಬಳ ಅಷ್ಟೇ ಇರುತ್ತೆ." ಆಮೇಲೆ ಗುಮಾಸ್ತನ ಕಡೆ ತಿರುಗಿದರು. "ನಾಳೆ ಹನ್ನೊಂದು ಗಂಟೆ ಒಳಗೆ ವರದಿ ಬರೆದುಕೊಡಿ. ಕಾರಣ ಏನು ಅಂತ ಸ್ಪಷ್ಟವಾಗಿ."

ಸಂಜೆ ದಶಾಂಶ ಮಾವನ ಮನೆಗೆ ಹೋದ. ಆ ದಿನ ಸ್ಕೂಟರಿನ ಕೀಲಿ ಆರಿಸುವುದೂ ನೆನಪಾಗಲಿಲ್ಲ. ಅತ್ತೆ ಟೀ ತಂದು ಕುಕ್ಕಿದರು. "ಈ ಮನುಷ್ಯನಿಗೆ ತನ್ನ ಅಂಗಿ ಮಡಿಸೋಕೆ ಬರಲ್ಲ. ಊರವರ ಹಾಸುಬಟ್ಟೆ ಮಡಿಸ್ತಾರಂತೆ. ಆ ಹೆಂಗಸರೆಲ್ಲ ನಗ್ತಾರೆ. ಮೂವತ್ತು ವರ್ಷ ಕಿಟಕಿ ಪಕ್ಕ ಕೂತವರು ಗೋಡೆ ನೋಡ್ಕೊಂಡು ನಿಲ್ಲಬೇಕು." ಮಾವ ಆರಿಸಿದ ಫ್ಯಾನಿನ ಕೆಳಗೆ ಕೂತಿದ್ದರು. ಅತ್ತೆ ಒಳಗೆ ಹೋದ ಮೇಲೆ ಮೆಲ್ಲಗೆ ಹೇಳಿದರು: "ವರದಿಯಲ್ಲಿ ನಿನ್ನ ಹೆಸರು ತರಬೇಡ. ನಿನ್ನದು ಹೊಸ ಕೆಲಸ. ನನ್ನದೇನು, ಇನ್ನೆರಡು ವರ್ಷ, ಹೇಗೋ ಉರುಳುತ್ತೆ."

"ನಾನೇ ಹೇಳಿದ್ದು ಮಾವ."

"ಹೇಳಿದ್ದು ನೀನು. ಹಾಕಿದ್ದು ನನ್ನ ಕೈ. ಕೈಗೆ ಬೇಕಾಗಿತ್ತು, ಅದಕ್ಕೇ ಕೇಳಿಸ್ಕೊಳ್ತು."

ದಶಾಂಶ ಟೀ ಲೋಟ ಕೆಳಗಿಟ್ಟು, ಮೆಕ್ಯಾನಿಕ್ ಹೇಳಿದ್ದನ್ನೆಲ್ಲ ವಿವರಿಸಿದ. ಮಾವ ಕೇಳಿ ತಲೆಯಾಡಿಸಿದರು, ನಂಬಲಿಲ್ಲ. "ಇಂಜಿನ್ ಓಡ್ತಿದೆ, ಆದ್ರೆ ಪೆಟ್ರೋಲ್ ಕುಡಿಯಲ್ಲ ಅಂತೀಯ. ಹೋಗೋ ಹೋಗು. ಅದನ್ನ ಎಲ್ಲಿ ತೋರಿಸ್ತಾನಂತೆ ನಿನ್ನ ಮೆಕ್ಯಾನಿಕ್ಕು?"

ಮರುದಿನ ಬೆಳಿಗ್ಗೆಯ ಸರದಿಗೆ ದಶಾಂಶ ತಾನೂ ಗಾಡಿ ಹತ್ತಿ ಪಕ್ಕದಲ್ಲಿ ಕೂತ. ಹೊಸ ಎಣ್ಣೆ ಹಾಕಿದ ಗಾಡಿ ಮೆತ್ತಗೆ ಹೊರಟಿತು. ಲಾಂಡ್ರಿಯ ಗೇಟಿನ ಹತ್ತಿರ ಗಂಟುಗಳ ಸಂಖ್ಯೆ ನೋಡಲು ಅವನು ತನ್ನ ಪಟ್ಟಿಯನ್ನು ಕ್ಲಿಪ್ಪಿನಿಂದ ಬಿಡಿಸಿಕೊಂಡ. ಹಿಂದೆ ಸಣ್ಣ ಪರದೆ ಕಾಣಿಸಿತು. ಅದರ ಮೇಲೆ ಪೆಟ್ರೋಲ್ ಪಂಪಿನ ಪುಟ್ಟ ಚಿತ್ರ, ಅದರ ಪಕ್ಕ ಒಂದು ಅಂಕಿ. ಮಾವ ಕಾಲು ಒತ್ತಿದಾಗ ಅಂಕಿ ಏರುತ್ತಿತ್ತು, ಸಡಿಲಿಸಿದಾಗ ಇಳಿಯುತ್ತಿತ್ತು. ಈ ಕ್ಷಣ ಗಾಡಿ ಎಷ್ಟು ಕುಡಿಯುತ್ತಿದೆ ಎಂದು ಗಾಡಿಯೇ ಬಾಯಿ ಬಿಟ್ಟು ಹೇಳುತ್ತಿತ್ತು. ಅದೂ ದಶಾಂಶದ ಸಮೇತ. ಲಾಂಡ್ರಿಯ ಪ್ರಖ್ಯಾತ ಉಳಿತಾಯ ತಜ್ಞ ಮೂರು ವಾರ ಆ ಬಾಯಿಗೆ ಕಾಗದ ಸಿಕ್ಕಿಸಿಟ್ಟಿದ್ದ.

"ಮಾವ, ಇಲ್ಲಿ ನೋಡಿ. ಟ್ಯಾಂಕಿನ ತಿರುವಲ್ಲಿ ಕೈ ಎತ್ತಬೇಡಿ. ಕಾಲು ಮಾತ್ರ ತೆಗೀರಿ."

ತಿರುವು ಬಂತು. ಎಡಗೈ ಎದ್ದಿತು. ಮಾವ ಅದನ್ನು ಬಲವಂತವಾಗಿ ತೊಡೆಯ ಮೇಲೆ ಇಳಿಸಿ, ಬಲಗಾಲು ಎತ್ತಿದರು. ಪರದೆಯ ಅಂಕಿ ಆರು, ಎರಡು ಎಂದು ಇಳಿದು ೦.೦ ಆಯಿತು. ಶಾಲೆಯ ಗೋಡೆ ಬಂತು, ಹೋಯಿತು, ೦.೦. ಮರದ ಮಿಲ್ಲು; ೦.೦. ಇಂಜಿನ್ ಸಣ್ಣಗೆ ಗುನುಗುತ್ತಲೇ ಇತ್ತು.

"ಕೆಟ್ಟಿದೆಯೇನೋ ಅದು," ಎಂದರು ಮಾವ.

"ಈಗ ಸ್ವಲ್ಪ ಕಾಲು ಒತ್ತಿ."

ಒತ್ತಿದರು. ನಾಲ್ಕು, ಏಳು. ಬಿಟ್ಟರು. ಸೊನ್ನೆ. ಮತ್ತೆ ಒತ್ತಿದರು, ಬಿಟ್ಟರು. ರೈಲ್ವೆ ಗೇಟು ಹಾಕಿತ್ತು; ಗಾಡಿ ನಿಲ್ಲಿಸಿ, ತಾವೇ ಎನ್‌ಗೆ ಹಾಕಿ ನೋಡಿದರು. ಅಂಕಿ ೦.೮ ಎಂದು ನಿಂತಿತು. ಗಾಡಿ ನಿಂತೇ ಇದ್ದರೂ ಕುಡಿಯುತ್ತಲೇ ಇತ್ತು. ಮಾವ ಆ ಅಂಕಿಯನ್ನು ನೋಡುತ್ತ ಕೂತರು. ಗೇಟು ತೆರೆದು ಹಿಂದಿನವರು ಹಾರ್ನ್ ಹೊಡೆದ ಮೇಲೇ ಡಿಗೆ ತಂದದ್ದು. ಆಸ್ಪತ್ರೆಯ ಹಿಂಬಾಗಿಲಲ್ಲಿ ಇಳಿಯುವಾಗ ಹೇಳಿದರು: "ಆ ಮುದುಕನ ಮರದ ಕೋಲಿಗಿಂತ ಇದು ಪ್ರಾಮಾಣಿಕ. ಮನೆಗೆ ನಡೆದುಕೊಂಡು ಹೋಗು ಅಂತ ಮಾತ್ರ ಹೇಳಲ್ಲ."

ಹತ್ತೂವರೆಗೆ ದಶಾಂಶ ವರದಿ ಬರೆದ. ಕಾರಣ ಎಂಬ ಕಡೆ ಹೀಗಿತ್ತು: 'ಚಾಲಕರು ಮೊದಲ ವಾರ ಸೂಚನೆಯಂತೆಯೇ ಓಡಿಸಿದ್ದಾರೆ. ನ್ಯೂಟ್ರಲ್‌ಗೆ ಹಾಕಲು ಒತ್ತಾಯಿಸಿದವನು ನಾನು. ಖರ್ಚು ತೋರಿಸುವ ಪರದೆಯ ಮೇಲೆ ಪಟ್ಟಿ ಸಿಕ್ಕಿಸಿದವನೂ ನಾನು. ನಿನ್ನೆ ತಮ್ಮ ಮುಂದೆ ಸುಮ್ಮನಿದ್ದವನೂ ನಾನೇ.' ಕೊನೆಯ ವಾಕ್ಯವನ್ನು ಎರಡು ಸಲ ಹೊಡೆದುಹಾಕಿ ಮೂರನೇ ಸಲ ಉಳಿಸಿಕೊಂಡ.

ಮೇಡಂ ಪೂರ್ತಿ ಓದಿದರು. ಕನ್ನಡಕ ತೆಗೆದು ಮತ್ತೊಮ್ಮೆ ಓದಿದರು. "ನಿನ್ನೆ ಇಲ್ಲೇ ನಿಂತಿದ್ರಿ. ಆಗ ಬಾಯಿ ಎಲ್ಲಿ ಹೋಗಿತ್ತು?"

ನ್ಯೂಟ್ರಲ್‌ನಲ್ಲಿತ್ತು ಮೇಡಂ ಎನ್ನಬೇಕೆಂದು ಅವನಿಗೆ ಬಹಳ ಅನಿಸಿತು. ಎನ್ನಲಿಲ್ಲ. ಅವನ ಇಡೀ ಜೀವನದ ದೊಡ್ಡ ಉಳಿತಾಯ ಅದು.

"ಸರಿ," ಎಂದರು ಮೇಡಂ. "ಹದಿನೈದು ದಿನ ಮಾವನೇ ಓಡಿಸ್ಲಿ. ಗಾಡಿ ಇನ್ನೊಂದು ಸಲ ಒದ್ದರೆ ಹಾಲ್‌ಗೆ ಬರೋದೇ. ನೀವು ಅವರ ಪಕ್ಕ ಕೂತು ಹೋಗಿ, ಗಂಟು ಇಳಿಸಿ, ಹತ್ತಿಸಿ. ಗುಮಾಸ್ತನ ಕೆಲಸ ವಾಪಸು ಬಂದ ಮೇಲೆ ಮಾಡಿ. ಆ ಕರಿಹಲಗೆನ ಮೊದಲು ಕೆಳಗಿಳಿಸಿ."

ಹದಿನೈದು ದಿನ ದಶಾಂಶನ ಸೊಂಟ ಹಿಡಿದುಕೊಂಡಿತು. ಕೊಳೆಬಟ್ಟೆಯ ಗಂಟು ಎಷ್ಟೆಂದು ಅವನು ಎರಡು ವರ್ಷದಿಂದ ಬರೆಯುತ್ತಿದ್ದ, ಒಂದು ಗಂಟಿನ ತೂಕ ಎಷ್ಟೆಂದು ಈಗ ಗೊತ್ತಾಯಿತು. ಮಾವ ಮಾತ್ರ ಬೇರೆಯೇ ಆಟ ಹಿಡಿದಿದ್ದರು. ಇಳಿಜಾರಿನಲ್ಲಿ ಸೊನ್ನೆ ಬರುವುದು ಅವರಿಗೆ ಸಾಲಲಿಲ್ಲ. ಸಮತಟ್ಟಿನಲ್ಲೂ ಎದುರಿನ ಸಿಗ್ನಲ್ ಕೆಂಪಾಗುವುದನ್ನು ದೂರದಿಂದಲೇ ನೋಡಿ, ಬೇರೆಯವರು ಇನ್ನೂ ಒತ್ತುತ್ತಿರುವಾಗಲೇ ಕಾಲು ಎತ್ತಿಬಿಡುತ್ತಿದ್ದರು. "ನೋಡು, ಸೊನ್ನೆ. ಇನ್ನೂ ಸೊನ್ನೆ. ಆ ಬಸ್ಸಿನವನು ಬ್ರೇಕ್ ಹೊಡೀತಾನೆ, ಹೊಡೆದ. ಎಲ್ಲಿ ಕೊಡೋದನ್ನ ನಿಲ್ಲಿಸಬೇಕು ಅಂತ ಗೊತ್ತಿದ್ರೆ ಸಾಕು ಅಳಿಯಾ, ಕೈಗೆ ಕೆಲಸನೇ ಬೇಡ." ಹಾಗೆನ್ನುತ್ತಲೇ ಟ್ಯಾಂಕಿನ ತಿರುವಿನಲ್ಲಿ ಎಡಗೈ ಇನ್ನೂ ಎದ್ದೇ ಏಳುತ್ತಿತ್ತು. ಎದ್ದದ್ದು ದಾರಿ ತಪ್ಪಿ ಕಿವಿ ಕೆರೆದು, ತೊಡೆಗೆ ವಾಪಸಾಗುತ್ತಿತ್ತು. ಎಂಟನೇ ದಿನದಿಂದ ಮಾವ ಆ ಕೈಗೆ ಟೀ ಫ್ಲಾಸ್ಕು ಹಿಡಿಯುವ ಕೆಲಸ ಕೊಡಲು ನೋಡಿದರು; ಎರಡೂ ಕೈ ಸ್ಟೀರಿಂಗಿನ ಮೇಲಿರಲಿ ಎಂದು ದಶಾಂಶ ಫ್ಲಾಸ್ಕನ್ನು ಕಿತ್ತುಕೊಂಡ.

ಹದಿನಾರನೇ ದಿನ ಮೇಡಂ ಅಂಕಿ ಕೇಳಿದರು. ೯.೯೪. "ಹಳೇ ಗಾಡಿಯಷ್ಟು ಬರಲಿಲ್ಲ," ಎಂದರು.

"ಇಲ್ಲಮ್ಮ," ಎಂದರು ಮಾವ.

"ಒದೆಯುತ್ತಾ?"

"ಒಂದು ಸಲಾನೂ ಇಲ್ಲ."

"ಹಾಗಾದ್ರೆ ಓಡಿಸಿ. ಮುಂದಿನ ತಿಂಗಳು ಇನ್ನೆರಡು ಬರ್ತವೆ. ಆ ಇಬ್ಬರು ಡ್ರೈವರುಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಆ ಸೊನ್ನೆ ತೋರಿಸಿ."

ಆ ಸಂಜೆ ದಶಾಂಶ ನೆಮ್ಮದಿಯಿಂದ ಸ್ಕೂಟರು ಹತ್ತಿದ. ಟ್ಯಾಂಕಿನ ತಿರುವಿನಲ್ಲಿ ಯೋಚನೆ ಎಲ್ಲೋ ಇದ್ದಾಗ ಅವನ ಕೈ ಹಳೆಯ ರೂಢಿಯಂತೆ ಕೀಲಿ ಆರಿಸಿತು. ಶಾಲೆಯ ಗೋಡೆ ದಾಟುವಷ್ಟರಲ್ಲಿ ಹಿಂದೆ ಹಾರ್ನ್ ಕೇಳಿಸಿತು. ಸಂಜೆಯ ಸರದಿಯ ಬಟ್ಟೆ ತುಂಬಿಕೊಂಡು ಹೊಸ ಗಾಡಿ ಪಕ್ಕಕ್ಕೆ ಬಂತು. ಮಾವ ಎಡಗಡೆಯ ಕಿಟಕಿಯತ್ತ ಬಾಗಿ ಕೂಗಿದರು.

"ಲೋ, ಕೀಲಿ ತಿರುಗಿಸೋ! ಬಾಯಲ್ಲಿ ಹಾರ್ನ್ ಹೊಡೆಯೋನೇ!"

ಅವನು ಕೀಲಿ ತಿರುಗಿಸಿ ಸ್ಟಾರ್ಟ್ ಗುಂಡಿ ಒತ್ತಿದ. ರೈಲ್ವೆ ಗೇಟಿನ ಉಬ್ಬನ್ನು ಆ ದಿನ ಕೂತೇ ಹತ್ತಿದ. ಮೂಲೆಯ ಅಂಗಡಿಯವನು ಎರಡು ಟೀ ಹಿಡಿದು ನಿಂತಿದ್ದ. ಅವನಿಗೆ ಒಂದು ಸಾಕು ಎಂದು ಹೇಳಬೇಕಾಯಿತು.